ಹತ್ತನೇ ಎಲೆಗೆ ಟವೆಲ್

ನಮ್ಮ ಮನೆಯಲ್ಲಿ ಅದನ್ನು ಕಂಪ್ಯೂಟರ್ ಎಂದು ಕರೆಯುವವನು ನಾನೊಬ್ಬನೇ. ಹೆಂಡತಿಗೆ ಅದು ‘ಆ ಡಬ್ಬ’. ಅವಳ ಅಣ್ಣನ ಮಗನಿಗೆ ಇ-ವೇಸ್ಟ್. ಪೆಂಟಿಯಂ ಚಿಪ್ಪು, ವಿಂಡೋಸ್ 98, 1.44 ಎಂಬಿಯ ಫ್ಲಾಪಿ ಡ್ರೈವು, ಆನ್ ಮಾಡಿದ್ದು ಪಕ್ಕದ ಮನೆಯವರಿಗೂ ತಿಳಿಯುವ ಫ್ಯಾನು. ಇದನ್ನು ಮನೆಯ ರೂಟರಿಗೆ ಸೇರಿಸಿ ನೆಟ್‌ವರ್ಕಿಗೆ ತರುತ್ತೇನೆಂದು ನಾನು ಹೊರಟಿದ್ದೆ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಕೊಟ್ಟಿದ್ದೇನೆ. ಯಾವುದೂ ಪೂರ್ತಿ ಸುಳ್ಳಲ್ಲ.

ಒಳಗಿದ್ದ ನೆಟ್‌ವರ್ಕ್ ಕಾರ್ಡು ಎನ್‌ಇ2000 ಜಾತಿಯದು. ನೊವೆಲ್ ಕಂಪನಿ 1980ರ ದಶಕದಲ್ಲಿ ಹೊರತಂದ ಈ ವಿನ್ಯಾಸವನ್ನು ಆಮೇಲೆ ಸಿಕ್ಕಸಿಕ್ಕವರೆಲ್ಲ ನಕಲು ಮಾಡಿದರು. ನನ್ನದು ಅಂಥ ನಕಲುಗಳಲ್ಲೊಂದು, ಮೈಮೇಲೆ ಊರು-ಹೆಸರು ಏನೂ ಇಲ್ಲ. ಇಂದಿನ ಕೇಬಲ್ಲಿಗೊಂದು ಚೌಕದ ಬಾಯಿ, ಹಳೆಯ ಕೋ-ಆಕ್ಸಿಯಲ್ ಕೇಬಲ್ಲಿಗೊಂದು ದುಂಡನೆಯ ಬಾಯಿ. ಎರಡು ಬಾಯಿದ್ದೂ ಮಾತಿಲ್ಲ.

ಪಿಂಗ್ ಮಾಡಿ ನೋಡಿದೆ. 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಎಂಬ ಪುಣ್ಯಾತ್ಮ ಬರೆದ ಪುಟ್ಟ ಪ್ರೋಗ್ರಾಮು ಅದು. ಹೆಸರು ಬಂದದ್ದು ಸೋನಾರಿನ ಸದ್ದಿನಿಂದ. 127.0.0.1 ಎಂದು ಕೊಟ್ಟರೆ ತಕ್ಷಣ ಉತ್ತರ ಬಂತು. ಆದರೆ ಅದು ಯಂತ್ರ ತನ್ನನ್ನು ತಾನೇ ಕರೆದು ತಾನೇ ಓಗೊಡುವ ವಿಳಾಸ. ಕಾರ್ಡಿನ ಗೊಡವೆಯೇ ಅದಕ್ಕೆ ಬೇಕಿಲ್ಲ. ರೂಟರನ್ನು ಕರೆದರೆ ‘ರಿಕ್ವೆಸ್ಟ್ ಟೈಮ್ಡ್ ಔಟ್’. ವಿಳಾಸ ಕೊಡುವವರು ಯಾರೂ ಸಿಗದೆ ವಿಂಡೋಸ್ 169.254ರಿಂದ ಶುರುವಾಗುವ ವಿಳಾಸವೊಂದನ್ನು ತಾನೇ ಇಟ್ಟುಕೊಂಡು ಕೂತಿತ್ತು. ಆ ಸ್ವಾಭಿಮಾನ ನನಗೆ ಹಿಡಿಸಿತು.

ಕೇಬಲ್ ಬದಲಿಸಿದೆ. ಡ್ರೈವರ್ ಬದಲಿಸಿದೆ. ಪ್ರತಿ ಬದಲಾವಣೆಗೂ ವಿಂಡೋಸ್ 98ರ ಸಿಡಿ ಕೇಳುತ್ತದೆ. ಸಿಡಿ ಕೊಟ್ಟರೆ ರೀಸ್ಟಾರ್ಟ್ ಕೇಳುತ್ತದೆ. ಎಸ್.ಪಿ. ರಸ್ತೆಗೆ ಹೋಗಿ ಅಂಗಡಿ ಅಂಗಡಿ ಅಲೆದೆ. ಒಬ್ಬ ಹುಡುಗ ಕಾರ್ಡನ್ನು ತಿರುವಿ ಮುರುವಿ ನೋಡಿ, “ಅಂಕಲ್, ನಾನು ಹುಟ್ಟೋಕೆ ಮುಂಚಿನದು,” ಎಂದು ಕೈಮುಗಿದು ವಾಪಸ್ ಕೊಟ್ಟ.

ಭಾನುವಾರ ಊಟಕ್ಕೆ ಬಂದ ಅಳಿಯ ಮಹಾಶಯ, “ಮಾವ, ಹಾರ್ಡ್‌ಡಿಸ್ಕ್ ಬಿಚ್ಚಿ ಒಂದು ಯುಎಸ್‌ಬಿ ಅಡಾಪ್ಟರ್ ಹಾಕಿ. ಎರಡು ನಿಮಿಷದ ಕೆಲಸ,” ಎಂದ. ಈ ಎರಡು ನಿಮಿಷದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವನು ಕೆಲಸ ಮಾಡುವ ಕಂಪನಿಯ ಆ್ಯಪು ಕೆಟ್ಟಾಗ ‘ಏನೋ ತಪ್ಪಾಗಿದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ’ ಎನ್ನುತ್ತದೆ. ಏನು ತಪ್ಪಾಗಿದೆ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ನನ್ನ ಡಬ್ಬ ಹಾಗಲ್ಲ. ಡಿವೈಸ್ ಮ್ಯಾನೇಜರಿಗೆ ಹೋದರೆ ಹಳದಿ ಆಶ್ಚರ್ಯಸೂಚಕ ಹಾಕಿ, ಜಗಳ ಯಾರ ಯಾರ ನಡುವೆ, ಯಾವ ನಂಬರಿನ ಮೇಲೆ ಎಂದು ಎಲ್ಲ ಬಿಡಿಸಿ ಹೇಳುತ್ತದೆ: ಐಆರ್‌ಕ್ಯೂ 5, ಸೌಂಡ್ ಕಾರ್ಡ್ ಮತ್ತು ನೆಟ್‌ವರ್ಕ್ ಕಾರ್ಡ್.

“ಅದೇನದು ಐದನೇ ನಂಬರಿನ ಜಗಳ?” ಎಂದು ಕೇಳಿದವರು ಅತ್ತೆ. ಎಂಬತ್ತು ದಾಟಿದ್ದಾರೆ. ಒಂದು ಕಾಲಕ್ಕೆ ನೆಂಟರಿಷ್ಟರ ಮದುವೆಗಳಲ್ಲೆಲ್ಲ ಊಟದ ಮನೆಯ ಉಸ್ತುವಾರಿ ಅವರದೇ.

“ಹದಿನಾರು ಎಲೆಯ ಪಂಕ್ತಿ ಅಂದ್ಕೊಳ್ಳಿ ಅತ್ತೆ. ಬಡಿಸೋನು ಒಬ್ಬನೇ. ಏನಾದ್ರೂ ಬೇಕಾದೋರು ತಮ್ಮ ಎಲೆಯಿಂದ ಕೂಗಬೇಕು.”

ಅತ್ತೆ ಸಾರಿನ ಬಟ್ಟಲು ಪಕ್ಕಕ್ಕಿಟ್ಟರು. “ಯಾರ್ಯಾರು ಎಲ್ಲೆಲ್ಲಿ ಕೂತಿದಾರೆ?”

ಸೊನ್ನೆಯಿಂದ ಶುರು ಮಾಡಿದೆ. ಸೊನ್ನೆಯಿಂದ ಯಾರಾದರೂ ಎಲೆ ಎಣಿಸುತ್ತಾರೆಯೇ ಎಂದು ಬೈಸಿಕೊಂಡೆ. ಸೊನ್ನೆಯಲ್ಲಿ ಟೈಮರ್; ಡಾಸ್ ಕಾಲದಿಂದ ಸೆಕೆಂಡಿಗೆ 18 ಸಲ ಕೂಗುವ ಆಸಾಮಿ. (“ಪ್ರತಿ ಪಂಕ್ತೀಲೂ ಒಬ್ಬ ಹಾಗಿರ್ತಾನೆ.”) ಒಂದರಲ್ಲಿ ಕೀಬೋರ್ಡು. ಎರಡರಲ್ಲಿ ಎಲೆಯೇ ಇಲ್ಲ, ಹಿಂದಿನ ಸಾಲಿಗೆ ದಾರಿ. 1981ರಲ್ಲಿ ಐಬಿಎಂನವರು ಪಿಸಿ ಮಾಡಿದಾಗ ಹಾಕಿದ್ದು ಎಂಟೇ ಎಲೆ. 1984ರಲ್ಲಿ ಜನ ಹೆಚ್ಚಾದರೆಂದು ಇನ್ನೊಂದು ಸಾಲು ಹಾಕಿದರು. ಆ ಸಾಲಿನ ಕೂಗೆಲ್ಲ ಈ ಎರಡನೇ ಜಾಗದಿಂದಲೇ ಮುಂದಕ್ಕೆ ಬರಬೇಕು.

“ಛತ್ರ ಚಿಕ್ಕದು ಹಿಡಿದಿದ್ರು ಅನ್ನಿ.”

“ಮೂರು, ನಾಲ್ಕು ಸೀರಿಯಲ್ ಪೋರ್ಟುಗಳು. ಐದು ಎರಡನೇ ಪ್ರಿಂಟರಿಗೆ ಅಂತ ತೆಗೆದಿಟ್ಟಿದ್ದು.”

“ನಿಮ್ಮತ್ರ ಎರಡು ಪ್ರಿಂಟರ್ ಇದ್ಯಾ?”

“ಇಲ್ಲ. ಹೆಚ್ಚುಕಡಿಮೆ ಯಾರತ್ರಾನೂ ಇರಲಿಲ್ಲ.”

“ಬರದೇ ಇರೋ ಬೀಗರಿಗೆ ಎಲೆ ಹಾಕಿಟ್ರೆ ಕಂಡೋರು ಬಂದು ಕೂರದೆ ಇರ್ತಾರಾ?”

ಅದೇ ಆಗಿದ್ದು. ಆ ಎಲೆಗೆ ಸೌಂಡ್ ಕಾರ್ಡು ಬಂದು ಕೂತಿದೆ, ಅದೇ ಎಲೆಗೆ ನೆಟ್‌ವರ್ಕ್ ಕಾರ್ಡೂ ಕೂತಿದೆ.

“ಒಂದೇ ಎಲೇಲಿ ಇಬ್ಬರೂ ಉಣ್ತಿದಾರಾ?” ಅತ್ತೆಯ ದನಿ ಏರಿತು. “ಎಂಜಲಲ್ವೇನ್ರೀ!”

ಐಎಸ್‌ಎ ಕಾರ್ಡುಗಳು ಒಂದೇ ಇಂಟರಪ್ಟನ್ನು ಹಂಚಿಕೊಳ್ಳಲಾರವು ಎಂಬುದನ್ನು ವಿವರಿಸಲು ಪುಸ್ತಕಗಳು ಪುಟಗಟ್ಟಲೆ ಬಳಸುತ್ತವೆ. ಈ ಒಂದು ಮಾತು ಅವುಗಳಲ್ಲಿಲ್ಲ.

ಆಮೇಲೆ ನಾನು ಹೇಳುವುದೇ ಬೇಡವಾಯಿತು, ಅವರೇ ಕೇಳುತ್ತ ಹೋದರು. ಆರರಲ್ಲಿ ಫ್ಲಾಪಿ, ಏಳರಲ್ಲಿ ಮೊದಲನೇ ಪ್ರಿಂಟರು, ಎಂಟರಲ್ಲಿ ಇನ್ನೊಂದು ಗಡಿಯಾರ. (“ಎರಡೆರಡು ಗಡಿಯಾರ ಇಟ್ಕೊಂಡೂ ಊಟ ಹೊತ್ತಿಗೆ ಸರಿಯಾಗಿ ಆಗಲ್ಲ.”) ಹನ್ನೆರಡರಲ್ಲಿ ಮೌಸ್, ಹದಿಮೂರರಲ್ಲಿ ಗಣಿತದ ಕೊಪ್ರೊಸೆಸರು, ಹದಿನಾಲ್ಕು ಹದಿನೈದರಲ್ಲಿ ಡಿಸ್ಕುಗಳು. ಪಾಯಸ ಬಂದರೂ ಯಾರೂ ಕೈಹಾಕಲಿಲ್ಲ. ಅಳಿಯ ಮೊಬೈಲ್ ಮಗುಚಿಟ್ಟಿದ್ದ.

“ಹತ್ತರಲ್ಲಿ?”

“ಡಿಸ್ಪ್ಲೇ ಕಾರ್ಡು.”

“ಅವನಿಗೆ ಅಲ್ಲೇ ಆಗಬೇಕಾ?”

“ಇಲ್ಲ. ಅದು ಹೊಸ ಕಾಲದ್ದು, ಎಲ್ಲಿ ಕೂರಿಸಿದ್ರೂ ಕೂರತ್ತೆ. ನೆಟ್‌ವರ್ಕ್ ಕಾರ್ಡೇ ಹಟಮಾರಿ.”

“ಹಾಗಾದ್ರೆ ಹೊಂದಿಕೊಳ್ಳೋನನ್ನ ಹನ್ನೊಂದಕ್ಕೆ ಕಳಿಸಿ. ಹಟಮಾರಿಗೆ ಹತ್ತರಲ್ಲಿ ಮೊದಲೇ ಒಂದು ಟವೆಲ್ ಹಾಕ್ಬಿಡಿ. ಇಷ್ಟಕ್ಕೆ ಇಷ್ಟು ದಿನವೇ?”

ಅಳಿಯ ನಕ್ಕ. ನಾನು ನಗಲಿಲ್ಲ. ಬಯಾಸಿನೊಳಗೆ ಹೋದರೆ ಪಿಸಿಐ ಸೆಟ್ಟಿಂಗಿನ ಪುಟದಲ್ಲಿ ಐಆರ್‌ಕ್ಯೂ 10 ಎಂಬ ಸಾಲಿನ ಮುಂದೆ ‘ಲೆಗಸಿ ಐಎಸ್‌ಎ’ ಎಂದು ಆರಿಸಲು ಬರುತ್ತದೆ. ಈ ಜಾಗ ಹಳಬರಿಗೆ, ಹೊಸಬರು ಕೂರಬೇಡಿ ಎಂದು ಅದರ ಅರ್ಥ. ಸಾಕ್ಷಾತ್ ಟವೆಲ್!

ಕೈತೊಳೆದು ಬಂದವನೇ, ಹೆಂಡತಿ ಹುಬ್ಬು ತಿದ್ದುವ ಚಿಮಟದಿಂದ ಕಾರ್ಡಿನ ಮೇಲಿನ ಜಂಪರನ್ನು ಐದರಿಂದ ಕಿತ್ತು ಹತ್ತಕ್ಕೆ ಚುಚ್ಚಿದೆ. (“ರೀ, ಅದನ್ನ ತೊಳೆದು ವಾಪಸ್ ಇಡಿ.”) ಬಯಾಸಿನಲ್ಲಿ ಟವೆಲ್ ಹಾಸಿದೆ. ಪಿಂಗ್. ರೂಟರು ಓಗೊಟ್ಟಿತು. ನಾನು ಕೂಗಿದ್ದು ಕೇಳಿ ಕೆಳಗಿನ ಮನೆಯವರು ಸ್ಕೋರೆಷ್ಟು ಎಂದು ವಿಚಾರಿಸಿದರು.

ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಮೌನ. ಹತ್ತರಲ್ಲಿ ಡಿಸ್ಪ್ಲೇ ಕಾರ್ಡು ಕಾಲು ಚಾಚಿ ಕೂತಿದೆ. “ರಾತ್ರಿ ಯಾರೋ ಟವೆಲ್ ತೆಗೆದಿದಾರೆ,” ಎಂದರು ಅತ್ತೆ, ಕಾಫಿ ಲೋಟದಿಂದ ತಲೆಯೆತ್ತದೆ. ನಿಜವೇ. ಮದರ್‌ಬೋರ್ಡಿನ ಮೇಲಿರುವ ಸಿಆರ್ 2032 ಬಿಲ್ಲೆಬ್ಯಾಟರಿ ಸತ್ತಿತ್ತು. ಸ್ವಿಚ್ ಆರಿಸಿದೊಡನೆ ಬಯಾಸು ಇಡೀ ಭಾನುವಾರವನ್ನು ಮರೆತಿತ್ತು. ಮೂಲೆಯಂಗಡಿಯಲ್ಲಿ ಹೊಸ ಬಿಲ್ಲೆ ಸಿಕ್ಕಿತು.

ಈ ಡಬ್ಬ ನನ್ನ ಗೆಳೆಯನದು. ಡಿಟಿಪಿ ಸೆಂಟರ್ ನಡೆಸುತ್ತಿದ್ದ. ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ. ವಾಟ್ಸ್ಆ್ಯಪಿನಲ್ಲಿ ಪತ್ರಿಕೆ ಕಳಿಸುವ ಕಾಲ ಬಂದ ಮೇಲೆ ಅಂಗಡಿ ಮುಚ್ಚಿದ, ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಗುಜರಿಯವನು ಬಂದು ನಿಂತಿದ್ದಾನೆ, ನಿಮಗೇನಾದರೂ ಬೇಕಾ ಎಂದು ಅವನ ಹೆಂಡತಿ ಫೋನ್ ಮಾಡಿದ್ದರು. ಕಾರ್ಡನ್ನು ಐದಕ್ಕೆ ಕೂರಿಸಿದ್ದವನು ಅವನೇ. ಅವನ ಯಂತ್ರದಲ್ಲಿ ಸೌಂಡ್ ಕಾರ್ಡ್ ಇರಲಿಲ್ಲ, ಹಾಗಾಗಿ ಜಗಳವೂ ಇರಲಿಲ್ಲ. ವಿಂಡೋಸಿನ ಸ್ವಾಗತದ ರಾಗ ಕೇಳಬೇಕೆಂದು ಅದನ್ನು ತಂದು ತುರುಕಿದವನು ನಾನು. ಹಾರ್ಡ್‌ಡಿಸ್ಕ್ ಬಿಚ್ಚುವುದು ಎರಡು ನಿಮಿಷದ ಕೆಲಸವೆಂಬುದು ನನಗೂ ಗೊತ್ತು. ಅವನು ಜೋಡಿಸಿದ್ದು ಅವನು ಜೋಡಿಸಿದಂತೆಯೇ ಇದ್ದುಕೊಂಡು ಒಂದು ಸಲ ಮಾತಾಡಲಿ ಎಂದಿತ್ತು. ಅಳಿಯನಿಗೆ ಇದನ್ನು ಹೇಳಿಲ್ಲ.

ಸಂಜೆ ಎಫ್‌ಟಿಪಿಯಲ್ಲಿ ಒಂದು ಫೈಲು ಲ್ಯಾಪ್‌ಟಾಪಿಗೆ ಬಂತು. ತೆರೆದರೆ ತಲೆಯ ಮೇಲೆ ಟೋಪಿ, ಕೆಳಗೆ ಬಾಲ ಇರುವ ಐರೋಪ್ಯ ಅಕ್ಷರಗಳ ಜಾತ್ರೆ. ಆ ಕಾಲದ ಕನ್ನಡ ಫಾಂಟುಗಳು ಆ ಅಕ್ಷರಗಳ ಜಾಗದಲ್ಲೇ ನಮ್ಮ ಒತ್ತು, ಕೊಂಬು, ದೀರ್ಘಗಳನ್ನಿಟ್ಟು ಕೆಲಸ ನಡೆಸುತ್ತಿದ್ದವು. ಫಾಂಟ್ ಇನ್ನೂ ಡಬ್ಬದಲ್ಲೇ ಇದೆ, ಅದನ್ನೂ ಎಳೆದು ತರಬೇಕು. ಸದ್ಯಕ್ಕೆ ಓದಲು ಬರುವುದು ಅಂಕಿಗಳು ಮಾತ್ರ.

“ಯಾರ ಮದುವೆ?” ಅತ್ತೆ ಕನ್ನಡಕ ಏರಿಸಿಕೊಂಡು ಬಂದರು.

“ಗೊತ್ತಾಗ್ತಿಲ್ಲ ಅತ್ತೆ. 10-30ರಿಂದ 11-20 ಅಂತ ಒಂದಿದೆ.”

“ಮುಹೂರ್ತ,” ಎಂದರು. “ಹಾಗಾದ್ರೆ ಮೊದಲನೇ ಪಂಕ್ತಿ ಹನ್ನೆರಡೂವರೆಗೆ.”