ಕಲ್ಲಿದ್ದಲು ಮತಮೀಮಾಂಸೆ: ಕೊಳಕೂರ ಪಾಠ

ಜೇವರ್ಗಿ ತಾಲ್ಲೂಕಿನ ಕೊಳಕೂರದ ಕಟ್ಟೆಯ ಮೇಲೆ, ಕರೆಂಟ್ ಹೋದ ಹೊತ್ತಿನಲ್ಲಿ, ತೊಗರಿ ಬೆಳೆಯುವವರೊಬ್ಬರು ಎತ್ತಿದ ಸಂಶಯವೇ ಈ ಮಹಾಪ್ರಬಂಧಕ್ಕೆ ಮೂಲ: "ಹೊಸಾ ಕಲ್ಲಿದ್ದಲು ಗಣಿ ಬ್ಯಾಡ ಅನ್ಲಿಕ್ಕೆ ನಮ್ಮ ಎಂಪಿ ಸಾಹೇಬ್ರು ಹೂಂ ಅಂದಾರೋ, ಊಹೂಂ ಅಂದಾರೋ?"

ಮೊದಲು ಕ್ಷೇತ್ರಪರೀಕ್ಷೆ. ನಾವು ಮನೆಗೆ ಹಾಸುವ ಶಹಾಬಾದ್ ಕಲ್ಲು ಭೂಮಿಯ ಮೇಲೆ ಮರ ಹುಟ್ಟುವುದಕ್ಕೂ ಹಿಂದಿನದು. ಮರವಿಲ್ಲದ ಕಾಲದ ಕಲ್ಲಿನಲ್ಲಿ ಇದ್ದಲೆಲ್ಲಿಯದು? ಕಲಬುರಗಿ ಸೀಮೆಯಲ್ಲಿ ಕಲ್ಲಿದ್ದಲು ಗಣಿಯನ್ನು ಭೂಗರ್ಭವೇ, ಯಾರ ಮತವನ್ನೂ ಕೇಳದೆ, ನಿಷೇಧಿಸಿಬಿಟ್ಟಿದೆ. ಶಕ್ತಿನಗರದ 1720 ಮೆಗಾವಾಟ್ ಸ್ಥಾವರಕ್ಕೆ ಬೇಕಾದ ಇದ್ದಲು ಪರರಾಜ್ಯಗಳಿಂದ ರೈಲು ಹತ್ತಿ ಬರುತ್ತದೆ.

ಇನ್ನು ಪ್ರಮಾಣವಿಚಾರ. 2014ರಲ್ಲಿ ಸುಪ್ರೀಂ ಕೋರ್ಟ್ 214 ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆಯನ್ನು ರದ್ದು ಮಾಡಿತು. ಅವನ್ನು ಮತ್ತೆ ಹಂಚಲೆಂದು 2015ರ ಕಾಯ್ದೆ ಬಂತು. ಆಗ ನಮ್ಮ ಸಂಸದರು ಮಲ್ಲಿಕಾರ್ಜುನ ಖರ್ಗೆ. ಬಾಗಿಲನ್ನು ಇನ್ನಷ್ಟು ಅಗಲ ಮಾಡಲು 2020ರ ತಿದ್ದುಪಡಿ ಬಂತು. ಆಗ ಉಮೇಶ ಜಾಧವ. ಕೇಳಿದ್ದು ಗಣಿ ಬೇಡವೆನ್ನುವ ಪ್ರಶ್ನೆ, ಸಿಕ್ಕಿದ್ದು ಗಣಿ ತೆರೆಯುವ ಮಸೂದೆಗಳು. ಸಂಶೋಧಕನಾದವನು ಇಷ್ಟಕ್ಕೆಲ್ಲ ಎದೆಗುಂದಬಾರದು.

2020ರ ಮಾರ್ಚ್ 6ರಂದು ಲೋಕಸಭೆ ಗದ್ದಲದ ನಡುವೆ ಆ ತಿದ್ದುಪಡಿಯನ್ನು ಧ್ವನಿಮತದಿಂದ ಒಪ್ಪಿತು. ಧ್ವನಿಮತವೆಂದರೆ ಶುದ್ಧ ಶಬ್ದಪ್ರಮಾಣ: ಯಾವ ಕಡೆಯ ಕೂಗು ದೊಡ್ಡದೆಂದು ಪೀಠಕ್ಕೆ ಕೇಳಿಸುತ್ತದೋ ಆ ಕಡೆ ಗೆದ್ದಿತು. ಕೂಗಿದವರ ಹೆಸರು ಎಲ್ಲಿಯೂ ದಾಖಲಾಗದು. ಸದಸ್ಯರು ಪಟ್ಟು ಹಿಡಿದು ಮತವಿಭಜನೆ ಕೇಳಿದರೆ ಮಾತ್ರ ಹಸಿರು, ಕೆಂಪು, ಹಳದಿ ಗುಂಡಿಗಳಿಗೆ ಕೆಲಸ. ಅದೇ ತಿಂಗಳ 12ರಂದು ರಾಜ್ಯಸಭೆಯಲ್ಲಿ ಲೆಕ್ಕ ಆಯಿತು: ಪರ 83, ವಿರೋಧ 12. ಆದರೆ ಕೊಳಕೂರ ನೇರವಾಗಿ ವೋಟು ಹಾಕುವುದು ಲೋಕಸಭೆಗೆ.

ಇಲ್ಲೊಂದು ಆಕ್ಷೇಪ. ಗುಂಡಿ ಒತ್ತಿದ್ದರೂ ಏನು ತಿಳಿಯುತ್ತಿತ್ತು? 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ವಿಪ್ ಮೀರಿದವರ ಸ್ಥಾನವೇ ಹೋಗಬಹುದು. ಸಂಸದರ ಅಂತರಂಗವನ್ನು ಅವರ ಮತದಲ್ಲಿ ಹುಡುಕುವುದು, ನೊಗ ಹೊತ್ತ ಎತ್ತಿಗೆ ಯಾವ ಸಾಲು ಇಷ್ಟವೆಂದು ವಿಚಾರಿಸಿದಂತೆ.

ಉಳಿದದ್ದು ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ತಿಳಿಯುವುದೂ ಒಂದು ಪ್ರಮಾಣ ಎಂದರು ಭಾಟ್ಟ ಮೀಮಾಂಸಕರು. ಅದರಂತೆ, ದಾಖಲೆ ಕಾಣದಿರುವುದೇ ನಮ್ಮ ದಾಖಲೆ. ಆದರೆ ನೆರೆಯ ಮಳಖೇಡದ ಟೀಕಾಚಾರ್ಯರ ದ್ವೈತ ಪರಂಪರೆ ಮೂರಕ್ಕಿಂತ ಹೆಚ್ಚು ಪ್ರಮಾಣ ಒಪ್ಪುವುದಿಲ್ಲವಾದ್ದರಿಂದ, ಈ ಸಿದ್ಧಾಂತ ಸೇಡಂ ರಸ್ತೆಯಲ್ಲಿ ಎಷ್ಟು ದೂರ ಸಾಗೀತೋ ಹೇಳಲಾರೆ.

ಇಷ್ಟನ್ನೂ ಕಟ್ಟೆಯಲ್ಲಿ ಮಂಡಿಸಿದೆ. ಪ್ರಶ್ನೆ ಎತ್ತಿದವರು ತಂಬಾಕು ತಿಕ್ಕುತ್ತ ಪೂರ್ತಿ ಕೇಳಿಸಿಕೊಂಡರು.

"ಹಂಗಿದ್ರ ಮುಂದಿನ ಚುನಾವಣ್ಯಾಗ ನಾವೂ ಧ್ವನಿಮತಾನೇ ಹಾಕೋಣು ಬಿಡ್ರಿ. ಯಾರು ಯಾರ ಹೆಸರು ಒದರ್ಯಾರ ಅಂತ ಅವರೇ ಹುಡುಕ್ಯಾಡ್ಲಿ."