ಸ್ವಂತ ಕೈಯಿಂದ ಮಾಡಿದ ಖುರ್ಚಿ

ಗದಗ-ಬೆಟಗೇರಿಯ ಯಾವ ಬಡಾವಣೆಗೆ ಹೋದರೂ, ಮುಳಗುಂದ ನಾಕಾದ ಆಚೆಗಿರಲಿ, ಹಾತಲಗೇರಿ ನಾಕಾದ ಈಚೆಗಿರಲಿ, ಓಣಿಗೊಬ್ಬ ಸ್ವಾವಲಂಬಿ ಸಾಹೇಬರು ಇದ್ದೇ ಇರುತ್ತಾರೆ. ನೌಕರಿ ಮುಗಿದು, ಪಿಂಚಣಿ ಕಾಗದಗಳ ಓಡಾಟ ಮುಗಿದು, ಸಕ್ಕರೆ ಕಾಯಿಲೆಗೆ ಹೆದರಿ ಮುಂಜಾನೆಯ ವಾಕಿಂಗ್ ಶುರುವಾದ ಮೇಲೆ ಅವರ ಬಾಯಿಂದ ಮೇಲಿಂದ ಮೇಲೆ ಬರುವ ಮಾತು ಒಂದೇ: "ಅಂಗಡ್ಯಾಗ ಯಾಕ ತರೂದು? ನಾನ ಮಾಡ್ತೇನಿ." ಸದ್ಯಕ್ಕೆ ಅವರು ಹಟ ಹಿಡಿದಿರುವುದು ಆರಾಮ ಖುರ್ಚಿಗೆ. ಸಾಗವಾನಿ ಚೌಕಟ್ಟು, ಹಿಂದಕ್ಕೆ ವಾಲಿದ ಬೆನ್ನು, ಕೂಡ್ರುವಲ್ಲಿ ಹಲಗೆಯ ಬದಲು ಹೆಣೆದ ನುಲಿ. ಡೆನ್ಮಾರ್ಕಿನ ಹಾನ್ಸ್ ವೆಗ್ನರ್ 1949ರಲ್ಲಿ ರೂಪಿಸಿದ ನುಲಿ ಖುರ್ಚಿಯನ್ನು ಮೊಬೈಲಿನಲ್ಲಿ ನೋಡಿ, ಅದನ್ನಷ್ಟು ಹಿಂದಕ್ಕೆ ವಾಲಿಸಿದರೆ ತಮ್ಮ ಖುರ್ಚಿ ಆಯಿತೆಂದು ಅವರು ತೀರ್ಮಾನಿಸಿದ್ದಾರೆ. ಇದನ್ನೆಲ್ಲ ಅವರು ಸ್ವಾವಲಂಬನೆ ಎನ್ನುತ್ತಾರೆ. ನನ್ನ ವಾದ ಬೇರೆ. ಸ್ವಾವಲಂಬಿ ಸಾಹೇಬರಿಗೆ ಬೇಕಾಗುವಷ್ಟು ಮಂದಿ ಈ ಜಿಲ್ಲೆಯಲ್ಲಿ ಲಗ್ನದ ಮನೆಯವರಿಗೂ ಬೇಕಾಗುವುದಿಲ್ಲ.

ಮೊದಲು ಕಟ್ಟಿಗೆಯನ್ನೇ ನೋಡಿ. ಎರೆಸೀಮೆಯಲ್ಲಿ ಬೇವು, ಜಾಲಿಗೇನು ಬರವಿಲ್ಲ. ಜಾಲಿಯ ಗಟ್ಟಿತನವನ್ನು ಇಲ್ಲಿಯ ಚಕ್ಕಡಿಗಳು ತಲೆತಲಾಂತರದಿಂದ ಪರೀಕ್ಷಿಸಿ ಒಪ್ಪಿವೆ. ಆದರೆ ಸಾಹೇಬರಿಗೆ ಸಾಗವಾನಿಯೇ ಆಗಬೇಕು, ಅದೂ ಹಳೆಯದು. ಶಿರಹಟ್ಟಿಯಲ್ಲಿ ಮಾವನ ಮನೆಯ ಹಿಂದಿನ ಪಡಸಾಲೆ ಕೆಡವುತ್ತಾರೆಂಬ ಸುದ್ದಿ ಬರುತ್ತಲೇ ಹೆಂಡತಿಯ ತಮ್ಮನಿಗೆ ಫೋನು ಹೋಗುತ್ತದೆ. ಆತ ಹಂದರದಂತೆ ಹೆಣೆದುಕೊಂಡ ತೊಲೆಗಳನ್ನು ಬಿಚ್ಚಿಸಿ, ಮೊಳೆ ಕೀಳಿಸಿ, ಯಾರದೋ ಟ್ರ್ಯಾಕ್ಟರಿನಲ್ಲಿ ಹೇರಿ ಕಳಿಸುತ್ತಾನೆ. ಕೊಯ್ಯುವುದು ಸಾ ಮಿಲ್ಲಿನವರು. ಇನ್ನುಳಿದದ್ದು ಕೂಡಿಸುವುದಷ್ಟೇ ಎಂದು ಸಾಹೇಬರ ಲೆಕ್ಕ. ಕಷ್ಟ ಇರುವುದೇ ಅಲ್ಲಿ. ಹೊರಸಿಗೆ ಎಲ್ಲ ಮೂಲೆಯೂ ನೇರ. ನಾಲ್ಕು ಕಾಲಿಗೆ ನಾಲ್ಕು ಪಟ್ಟಿ ಹೊಡೆದರೆ ಮುಗಿಯಿತು. ಆರಾಮ ಖುರ್ಚಿಯಲ್ಲಿ ಆಸನ ಹಿಂದಕ್ಕೆ ಇಳಿಜಾರು, ಬೆನ್ನು ಅದಕ್ಕಿಂತಲೂ ವಾಲು, ಹಿಂಗಾಲು ಇವೆರಡಕ್ಕೂ ತಾಳೆಯಾಗದ ಮೂರನೆಯ ಓರೆ. ಹೀಗಾಗಿ ಪ್ರತಿ ತೂತನ್ನೂ ಓರೆಯಾಗಿಯೇ ಕೊರೆಯಬೇಕು. ಮೊಮ್ಮಗನ ಕಂಪಾಸ್ ಪೆಟ್ಟಿಗೆಯ ಕೋನಮಾಪಕದಿಂದ ಇದು ಬಗೆಹರಿಯುವುದಿಲ್ಲ ಎಂದು ತಿಳಿದಾಗ ಬಡಿಗೇರ ಅಣ್ಣನಿಗೆ ಬುಲಾವ್ ಹೋಗುತ್ತದೆ. "ಒಂದೀಟ ತೋರಸ್ರಿ ಸಾಕು, ಮುಂದಿಂದು ನಾನ ನೋಡ್ಕೋತೇನಿ." ಆ ಒಂದೀಟು ಮೊದಲ ಕಾಲಿನಿಂದ ಶುರುವಾಗಿ ನಾಲ್ಕನೆಯದರವರೆಗೆ ನಡೆಯುತ್ತದೆ. ಸಾಹೇಬರು ಅಷ್ಟು ಹೊತ್ತೂ ಮುಂದಿಂದನ್ನು ನೋಡುತ್ತಲೇ ಇರುತ್ತಾರೆ.

ನುಲಿಯ ಭಾಗಕ್ಕೆ ಬಂದರೆ ಸಾಕ್ಷಿ ಇನ್ನೂ ಗಟ್ಟಿ. ವೆಗ್ನರ್ ಖುರ್ಚಿಗೆ ಕಾಗದವನ್ನೇ ಹೊಸೆದು ಮಾಡಿದ ಹುರಿ ಸುಮಾರು 120 ಮೀಟರ್ ಬೇಕು. ಕಾಗದದ ಹುರಿ ಬೆಟಗೇರಿ ಪೇಟೆಯಲ್ಲಿ ಎಲ್ಲಿ ಹುಡುಕುವುದು? ಹಾಗೆಂದು ಲಕ್ಷ್ಮೇಶ್ವರದ ಬೀಗರಿಗೆ ಸಂತೆಯಲ್ಲಿ ಪುಂಡಿ ನಾರಿನ ಹಗ್ಗ ನೋಡಲು ಹೇಳಿಯಾಗುತ್ತದೆ. ಅವರು ತಂದದ್ದು ಎತ್ತು ಕಟ್ಟುವಷ್ಟು ದಪ್ಪ. ತೆಳ್ಳಗೆ, ಒಂದೇ ಸಮ ಹೊಸೆಯಬಲ್ಲವರು ಮುಂಡರಗಿ ಕಡೆಯ ಹಳ್ಳಿಯಲ್ಲೊಬ್ಬ ಅಜ್ಜಿ. ಹೊರಸು ಹೆಣೆದೇ ಕೈ ಪಳಗಿದವಳು. ಹೆಣಿಗೆ ಒಬ್ಬರ ಕೆಲಸವಲ್ಲ ಎಂದು ಆ ಅಜ್ಜಿಗೆ ಗೊತ್ತು: ಒಬ್ಬರು ಹಾಕಬೇಕು, ಇನ್ನೊಬ್ಬರು ಬಿಗಿ ಹಿಡಿಯಬೇಕು, ಒಂದು ಸುತ್ತು ಸಡಿಲಾದರೂ ನಾಳೆ ಅಲ್ಲಿಯೇ ಕುಳಿ ಬೀಳುತ್ತದೆ. ಬಿಗಿ ಹಿಡಿಯುವ ಕೆಲಸ ಎಲ್ಲ ಮನೆಗಳಲ್ಲಿಯೂ ಹೆಂಡತಿಯದು. ಆಕೆ ಕುಕ್ಕರಿನ ಸೀಟಿ ಎಣಿಸುತ್ತ ಎರಡೂ ಕೈಯಲ್ಲಿ ನುಲಿ ಜಗ್ಗಿ ನಿಂತಿರುವಾಗ ಸಾಹೇಬರು ಎದ್ದು ಹೋಗಿ ಕನ್ನಡಕ ಒರೆಸಿಕೊಂಡು ಫೋಟೋ ತೆಗೆಯುತ್ತಾರೆ. ಸ್ಟೇಟಸ್ಸಿಗೆ ಹೋಗುವ ಫೋಟೋದಲ್ಲಿ ನುಲಿ ಇರುತ್ತದೆ, ಕೈ ಇರುವುದಿಲ್ಲ. ಕೆಳಗೆ ಒಕ್ಕಣೆ: "ಸ್ವಂತ ಕೈಯಿಂದ."

ಇದಕ್ಕೆ ಆಕ್ಷೇಪಣೆ ಬರುತ್ತದೆ. ಬಡಿಗನಾದರೂ ಗಿಡ ತಾನೇ ನೆಟ್ಟು ಬೆಳೆಸುತ್ತಾನೆಯೇ, ಎಲ್ಲರ ಕೆಲಸದಲ್ಲಿಯೂ ಹತ್ತು ಮಂದಿಯ ಕೈ ಇರುವುದಿಲ್ಲವೇ, ಎಂದು. ಇರುತ್ತದೆ, ಆದರೆ ಬಡಿಗ ಅದನ್ನು ಲೆಕ್ಕದಲ್ಲಿ ತೋರಿಸುತ್ತಾನೆ: ಕಟ್ಟಿಗೆ ಇಂಥವರದು, ಕೊಯ್ದ ಕೂಲಿ ಇಷ್ಟು, ನನ್ನದು ಇಷ್ಟು. ವೆಗ್ನರ್ ಸ್ವತಃ ಬಡಿಗತನ ಕಲಿತವರು. ಆದರೂ ಖುರ್ಚಿ ಮಾಡಿ ಮಾರುತ್ತಿರುವುದು ಕಾರ್ಲ್ ಹಾನ್ಸೆನ್ ಕಾರ್ಖಾನೆ ಎಂಬುದು ಜಗತ್ತಿಗೆಲ್ಲ ಗೊತ್ತು. ರೊಕ್ಕ ಉಳಿಯಿತಲ್ಲ ಎನ್ನುವವರೂ ಇದ್ದಾರೆ. ಅವರು ಸಾಹೇಬರ ಮನೆಯಲ್ಲಿ ಖರ್ಚಾದ ಚಹಾದ ಲೆಕ್ಕ ಕೇಳಬೇಕು. ಆ ಮೇಲೆ ಮಾತಾಡೋಣ. ಮೂರನೆಯ ಆಕ್ಷೇಪಣೆಗೆ ಮಾತ್ರ ತೂಕವಿದೆ. ನಿವೃತ್ತ ಮನುಷ್ಯ ದಿನವಿಡೀ ಟಿವಿ ಮುಂದೆ ಕೂತು ಸರಕಾರ ಬೀಳಿಸುವುದಕ್ಕಿಂತ ಇದು ವಾಸಿಯಲ್ಲವೇ? ನಿಜ, ನೂರಕ್ಕೆ ನೂರು ವಾಸಿ. ಬೀಗರು ಮತ್ತೆ ಮಾತಿಗೆ ಬಂದರು, ಹೊರಸು ಬಿಟ್ಟು ಮಂಚಕ್ಕೇರಿದ ಕಾಲದಲ್ಲಿ ಅಜ್ಜಿಯ ವಿದ್ಯೆಗೆ ಗಿರಾಕಿ ಸಿಕ್ಕಿತು, ಪಕ್ಕದ ಮನೆಯ ನೇಕಾರರು ಸಂಜೆ ಬಂದು ಹೆಣಿಗೆಯ ತಪ್ಪು ಎಣಿಸಿ ನಕ್ಕು ಹೋದರು. ಆದರೆ ಇದೆಲ್ಲ ಸಹಕಾರದ ಪುಣ್ಯ. ಅದನ್ನು ಸ್ವಾವಲಂಬನೆಯ ಖಾತೆಗೆ ಜಮಾ ಮಾಡುವುದಕ್ಕಷ್ಟೇ ನನ್ನ ತಕರಾರು.

ಬೇರೆ ಊರಾಗಿದ್ದರೆ ಬಿಟ್ಟುಬಿಡಬಹುದಿತ್ತು. ಗದಗಿನ ಮಗ್ಗುಲಲ್ಲೇ ಕಣಗಿನಹಾಳ ಇದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಅಲ್ಲಿ. ಹತ್ತು ಜನರ ಕೈ ಹತ್ತಿತೆಂದು ದಾಖಲೆ ಬರೆದಿಟ್ಟ ನೆಲದಲ್ಲಿ ಒಂದು ಖುರ್ಚಿಯ ಪಾಲುದಾರರ ಹೆಸರು ಮುಚ್ಚಿಡಬೇಕೇ? ನುಲಿಯ ವಿಷಯದಲ್ಲಂತೂ ಹನ್ನೆರಡನೆಯ ಶತಮಾನದ ನುಲಿಯ ಚಂದಯ್ಯ ಇದ್ದಾರೆ. ಹುಲ್ಲು ಕೊಯ್ದು ಹಗ್ಗ ಹೊಸೆಯುವ ಕಾಯಕ ಅವರದು. ಹೊಸೆದ ನುಲಿ ಮಾರಲು ಲಿಂಗವನ್ನೇ ಕಳಿಸಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಅಷ್ಟು ಹಟದ ಕಾಯಕಜೀವಿಗೂ ಒಬ್ಬ ಸಹಾಯಕ ಬೇಕಾಯಿತು. ಲಿಂಗ ನುಲಿಗೆ ಸಲ್ಲುವುದಕ್ಕಿಂತ ಹೆಚ್ಚಿನ ಹೊನ್ನು ತಂದಾಗ ಅವರು ಸಿಟ್ಟಾದರಂತೆ. ನಮ್ಮ ಸಾಹೇಬರ ಸ್ಟೇಟಸ್ಸಿಗೆ ಸಲ್ಲುವುದಕ್ಕಿಂತ ಹೆಚ್ಚು ಹೊಗಳಿಕೆ ಬಂದಾಗ ಅವರು ಸಿಟ್ಟಾದದ್ದನ್ನು ಯಾರೂ ಕಂಡಿಲ್ಲ.

ಪರಿಹಾರ ನಮ್ಮ ಗುಡಿಗಳಲ್ಲಿಯೇ ಇದೆ. ಅಲ್ಲಿ ಫ್ಯಾನಿನ ರೆಕ್ಕೆಯಿಂದ ಹಿಡಿದು ಪ್ರಸಾದದ ಕೊಳಗದವರೆಗೆ ಸೇವಾಕರ್ತರ ಹೆಸರು ಬರೆದಿರುತ್ತದೆ. ಹಾಗೆಯೇ ಖುರ್ಚಿಯ ಅಡಿಯಲ್ಲಿ ಬಣ್ಣದಿಂದ ಬರೆಸಬಹುದು: ತೊಲೆ, ಶಿರಹಟ್ಟಿ ಭಾವಮೈದುನ, ತೂತು, ಬಡಿಗೇರ ಅಣ್ಣ, ನುಲಿ, ಮುಂಡರಗಿ ಅಜ್ಜಿ, ಬಿಗಿ, ಮನೆಯವರು. ಸಾಹೇಬರು ದೊಡ್ಡ ಮನಸ್ಸಿನವರು, ಬೇಡವೆನ್ನುವುದಿಲ್ಲ. ಪೇಂಟರನನ್ನು ಕರೆಸುತ್ತಾರೆ, ಸ್ಪೆಲ್ಲಿಂಗ್ ತಿದ್ದುತ್ತಾರೆ, ಎಲ್ಲರ ಹೆಸರೂ ಬಂದಿದೆಯೆಂದು ಎರಡು ಸಲ ಓದಿ ನೋಡುತ್ತಾರೆ. ಆ ಮೇಲೆ ಮೆಲ್ಲಗೆ ಹೇಳುತ್ತಾರೆ: "ಇವೆಲ್ಲಾ ಅಡೀಗೆ ಇರ್ಲಿ. ನಂದೊಂದು ಹೆಸರು ಬೆನ್ನಿನ ಪಟ್ಟಿ ಮ್ಯಾಲ ಬರೀರಿ, ಸ್ವಲ್ಪ ದಪ್ಪಗ."