ಎರಡನೇ ಪಿ ಯಾರದು?

(ತುರುವೇಕೆರೆ ತಾಲ್ಲೂಕು ಆಸ್ಪತ್ರೆಯ ಆವರಣ. ಆರು ತಿಂಗಳ ಬಸುರಿ ಹೆಂಡತಿಯನ್ನು ಒಳಗೆ ಕಳಿಸಿ, ಶಂಕ್ರಣ್ಣ ಗಂಗಾಧರೇಶ್ವರನ ಗುಡಿಯ ಕಲ್ಲು ಬಸವನ ಹಾಗೆ ಬೈಕಿನ ಮೇಲೆ ಕೂತಿದ್ದಾನೆ. ಆಶಾ ಕಾರ್ಯಕರ್ತೆ ಬರುತ್ತಾರೆ. ಎಲ್ಲರೂ ಆಶಕ್ಕ, ಆಶಕ್ಕ ಅಂತ ಕರೆದು ಕರೆದು ಅವರ ಸ್ವಂತ ಹೆಸರೇ ಊರಿಗೆ ಮರೆತುಹೋಗಿದೆ.)

ಆಶಕ್ಕ: ಶಂಕ್ರಣ್ಣ, ಒಳಗೆ ಬನ್ನಿ. ನಿಮ್ದೊಂದು ತೊಟ್ಟು ರಕ್ತ ಬೇಕು.

ಶಂಕ್ರಣ್ಣ: ಬಸುರಿ ಅವಳು ಕಣಕ್ಕ, ನಾನಲ್ಲ.

ಆಶಕ್ಕ: ಗೊತ್ತು, ನಿಮ್ದು ಬರೀ ಹೊಟ್ಟೆ. ಎಚ್‌ಐವಿ ಪರೀಕ್ಷೆಗೆ ಕರೀತಿರೋದು.

ಶಂಕ್ರಣ್ಣ: (ಸುತ್ತ ನೋಡಿ) ಮೆತ್ತಗೆ! ಅವಳಿಗೆ ಮೂರನೇ ತಿಂಗಳಲ್ಲೇ ಪರೀಕ್ಷೆ ಮಾಡಿ ಏನೂ ಇಲ್ಲ ಅಂದ್ರಲ್ಲ. ಅವಳಿಗಿಲ್ಲ ಅಂದ್ಮೇಲೆ ನಂಗೆಲ್ಲಿಂದ?

ಆಶಕ್ಕ: ಪಕ್ಕದ ತೋಟದಲ್ಲಿ ಸಾವಿರ ಕಾಯಿ ಬಿದ್ರೆ ನಿಮ್ಮ ಅಟ್ಟ ತುಂಬುತ್ತಾ? ಗಂಡನಿಗಿದ್ದೂ ಹೆಂಡತಿಗೆ ಇನ್ನೂ ತಗುಲದೆ ಇರಬಹುದು. ಆಮೇಲೆ ಎಂಟನೇ ತಿಂಗಳಲ್ಲೋ, ಎದೆಹಾಲು ಕುಡಿಸೋವಾಗಲೋ ತಗುಲ್ತು ಅನ್ನಿ. ಹೊಸದಾಗಿ ತಗುಲಿದಾಗಲೇ ರಕ್ತದಲ್ಲಿ ವೈರಸ್ ಜಾಸ್ತಿ. ಕೂಸಿಗೆ ದಾಟೋದೂ ಸಲೀಸು.

ಶಂಕ್ರಣ್ಣ: ನನ್ನ ನೋಡಿದ್ರೆ ಕಾಯಿಲೆಯೋನ ಹಂಗೆ ಕಾಣ್ತೀನಾ? ಅರವತ್ತಡಿ ಮರ ಹತ್ತಿ ಇಳೀತೀನಿ!

ಆಶಕ್ಕ: ಅಟ್ಟದ ಮೇಲೆ ವರ್ಷ ಒಣಗಿದ ಕಾಯಿ ಒಳಗೆ ಉಂಡೆ ಕೊಬ್ಬರಿಯಾಗೈತೋ ಕೊಳೆತೈತೋ, ಹೊರಗಿಂದ ಗೊತ್ತಾಗುತ್ತಾ? ಒಂದೊಂದನ್ನೂ ಕಿವಿ ಹತ್ರ ಅಲ್ಲಾಡಿಸಿ ನೋಡ್ತೀರಲ್ಲ!

ಶಂಕ್ರಣ್ಣ: ನನ್ನೂ ಅಲ್ಲಾಡಿಸಿ ನೋಡಿ.

ಆಶಕ್ಕ: ಜೇಬಿನ ಸುಣ್ಣದ ಡಬ್ಬಿ ಸದ್ದು ಬಿಟ್ರೆ ಬೇರೇನೂ ಕೇಳಲ್ಲ.

ಶಂಕ್ರಣ್ಣ: ಅದಿರ್ಲಿ. "ತಾಯಿಯಿಂದ ಮಗುವಿಗೆ" ಅಂತ ನೀವೇ ಹೇಳ್ತೀರ. ಅದರಲ್ಲಿ ಅಪ್ಪ ಎಲ್ಲವ್ನೆ?

ಆಶಕ್ಕ: ನಮ್ಮ ದೇಶದಲ್ಲಿ ಇದನ್ನ ತಡೆಯೋ ಕಾರ್ಯಕ್ರಮಕ್ಕಿಟ್ಟ ಹೆಸರು ಪಿಪಿಟಿಸಿಟಿ. ಮೊದಲನೇ ಪಿ ಪ್ರಿವೆನ್ಶನ್. ಎರಡನೇ ಪಿ ಪೇರೆಂಟ್. ಮದರ್ ಅಲ್ಲ! ಹೊರದೇಶದೋರು ಬರೀ ತಾಯಿ ಹೆಸರು ಬರೆದ್ರು, ನಮ್ಮೋರು ಅಪ್ಪನ್ನೂ ಎಳ್ಕೊಂಡ್ರು.

ಶಂಕ್ರಣ್ಣ: ಎಳ್ಕೊಂಡು ಏನು ಮಾಡಿದ್ರು? ತಾಯಿ ಕಾರ್ಡಲ್ಲಿ ನನ್ನ ಹೆಸರು ಬಿಟ್ರೆ ಇನ್ನೇನೈತೆ?

(ಇದಕ್ಕೆ ಆಶಕ್ಕನ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಇಲ್ಲ.)

ಶಂಕ್ರಣ್ಣ: (ದನಿ ಇಳಿಸಿ) ಇದೆ ಅಂತಲೇ ಬಂತು ಅನ್ನಿ. ಕೂಸಿನ ಗತಿ?

ಆಶಕ್ಕ: ನಿಮಗೆ ಪುಗಸಟ್ಟೆ ಮಾತ್ರೆ ಶುರು. ದಿನಾ ನುಂಗಿ ವೈರಸ್ ಪೂರ್ತಿ ಹದ್ದುಬಸ್ತಿಗೆ ಬಂದ್ರೆ ಅವಳಿಗೂ ದಾಟಲ್ಲ. ಅಲ್ಲಿವರೆಗೂ ನಿರೋಧ್. ಒಂದು ವೇಳೆ ಅವಳಿಗೆ ತಗುಲಿದ್ರೂ ದಾರಿ ಐತೆ. ಏನೂ ಮಾಡದೆ ಬಿಟ್ರೆ ನೂರಕ್ಕೆ 15ರಿಂದ 45 ಕೂಸಿಗೆ ಬರುತ್ತೆ. ಔಷಧ ತಪ್ಪದೆ ತಗೊಂಡ್ರೆ 5ಕ್ಕಿಂತ ಕಮ್ಮಿ. 2002ರಲ್ಲಿ ಈ ಕಾರ್ಯಕ್ರಮ ಶುರುವಾದಾಗ ಹೆರಿಗೆ ನೋವು ಬಂದಾಗ ಒಂದೇ ಒಂದು ನೆವಿರಪಿನ್ ಮಾತ್ರೆ ಕೊಡೋರು. 2014ರಿಂದ ಜೀವನಪೂರ್ತಿ ಚಿಕಿತ್ಸೆ. ಕೂಸಿಗೆ ಹುಟ್ಟಿದ ಕೂಡಲೇ ಸಿರಪ್ಪು, ಆರು ವಾರಕ್ಕೆ ಪರೀಕ್ಷೆ.

ಶಂಕ್ರಣ್ಣ: ಊರಿಗೆ ಗೊತ್ತಾದ್ರೆ?

ಆಶಕ್ಕ: 2017ರ ಎಚ್‌ಐವಿ ಕಾಯ್ದೆ ಐತೆ. ನೀವು ಒಪ್ಪದೆ ಪರೀಕ್ಷೆ ಮಾಡೋ ಹಂಗಿಲ್ಲ, ಮಾಡಿದ್ದನ್ನ ಊರಿಗೆ ಹೇಳೋ ಹಂಗೂ ಇಲ್ಲ.

ಶಂಕ್ರಣ್ಣ: ಒಪ್ಪಿಗೆ ಬೇಕಾ? ಮೊದಲೇ ಹೇಳಬಾರದಾ! ನಾನು ಒಪ್ಪಲ್ಲ.

(ಹೆಂಡತಿ ತಾಯಿ ಕಾರ್ಡಿನಿಂದ ಗಾಳಿ ಬೀಸಿಕೊಳ್ಳುತ್ತ ಹೊರಬರುತ್ತಾಳೆ.)

ಹೆಂಡತಿ: ಏನು ಒಪ್ಪಲ್ವಂತೆ? ಮೂರು ತಿಂಗಳಿಂದ ಚುಚ್ಚಿಸ್ಕೊಂಡೇ ಇದೀನಿ. ನೀವೊಂದು ಬೆರಳು ಕೊಡಕ್ಕಾಗಲ್ವಾ?

ಶಂಕ್ರಣ್ಣ: ಸೂಜಿ ಎಷ್ಟುದ್ದ ಐತೆ?

(ಬೈಕಿನಿಂದ ಇಳಿದ. ಅರವತ್ತಡಿ ಮರದಿಂದ ಇಳಿಯೋದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಫಲಿತಾಂಶ ಏನು ಬಂತು ಅಂತ ನೀವು ಕೇಳಬಹುದು. ನಾನೂ ಕೇಳಿದೆ. "ಆ ಕಾಯ್ದೆ ಮಾಡಿರೋದೇ ನಿಮ್ಮಂಥೋರಿಗೆ" ಅಂದು ಆಶಕ್ಕ ನಡೆದೇಬಿಟ್ಟರು. ನಿಮ್ಮ ಪರೀಕ್ಷೆಯ ವಿಚಾರ ಕೇಳಬೇಕಿದ್ದರೆ 1097ಕ್ಕೆ ಫೋನ್ ಮಾಡಿ. ಕರೆಗೆ ಕಾಸಿಲ್ಲ.)